ಹೆದ್ದಾರಿ ಯಾರದು, ಮನವಿ ಯಾರಿಗೆ?

ಜೂನ್ ತಿಂಗಳ ಮಳೆ ಹಿಡಿಯಿತೆಂದರೆ ಕರಾವಳಿಯಲ್ಲಿ ಎರಡು ಸಂಗತಿಗಳು ತಪ್ಪದೆ ನಡೆಯುತ್ತವೆ. ಯಾಂತ್ರಿಕ ದೋಣಿಗಳು ದಡ ಸೇರುತ್ತವೆ, ಹೆದ್ದಾರಿಯ ಹೊಂಡಗಳು ಪತ್ರಿಕೆಗಳ ಮುಖಪುಟ ಸೇರುತ್ತವೆ. ಭಾನುವಾರ ಬಲಿಪೂಜೆ ಮುಗಿದು ಇಗರ್ಜಿಯ ಅಂಗಳದಲ್ಲಿ ನಾಲ್ಕು ಜನ ನಿಂತರೆ ಮಾತು ಶುರುವಾಗುವುದು ಅಲ್ಲಿಂದಲೇ. ಯಾರೋ ಸ್ಕೂಟರಿನಿಂದ ಬಿದ್ದಿರುತ್ತಾರೆ, ಯಾರದೋ ಅಂಗಳಕ್ಕೆ ಹೆದ್ದಾರಿಯ ನೀರು ನುಗ್ಗಿರುತ್ತದೆ, ಯಾವುದೋ ಮಗು ಶಾಲೆಗೆ ಹೋಗಲು ನಾಲ್ಕು ಪಥಗಳನ್ನು ಓಡಿ ದಾಟಬೇಕಾಗಿರುತ್ತದೆ. ವಿಷಯ ಪಾಲನಾ ಮಂಡಳಿಯ ಸಭೆಗೆ ಬರುತ್ತದೆ, ಮನವಿ ಕೊಡುವುದೆಂದು ತೀರ್ಮಾನವಾಗುತ್ತದೆ. ಆಗ ಕಾರ್ಯದರ್ಶಿಯವರು ಪೆನ್ನು ಹಿಡಿದು ಕೇಳುವ ಮೊದಲ ಪ್ರಶ್ನೆ: "ಯಾರಿಗೆ ಬರೆಯುವುದು?"

ಇದು ಸಣ್ಣ ಪ್ರಶ್ನೆಯಲ್ಲ. ಜಿಲ್ಲಾಧಿಕಾರಿಯವರಿಗೆ ಕೊಟ್ಟ ಮನವಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರಕ್ಕೆ ಹೋಗುತ್ತದೆ. ಪ್ರಾಧಿಕಾರ "ಗುತ್ತಿಗೆದಾರರಿಗೆ ಸೂಚಿಸಿದ್ದೇವೆ" ಎನ್ನುತ್ತದೆ. ಗುತ್ತಿಗೆದಾರ ಕಂಪನಿ "ಮೂಲ ನಕ್ಷೆಯಲ್ಲಿ ಇದಿಲ್ಲ" ಎನ್ನುತ್ತದೆ. ಶಾಸಕರನ್ನು ಕಂಡರೆ ಅದು ಕೇಂದ್ರದ್ದು, ಸಂಸದರನ್ನು ಕಂಡರೆ ರಾಜ್ಯ ಸರಕಾರ ಇನ್ನೂ ಭೂಮಿ ಬಿಡಿಸಿಕೊಟ್ಟಿಲ್ಲ. ಪಂಚಾಯತ್ ಅಧ್ಯಕ್ಷರಂತೂ ಕೈ ಮುಗಿದು, "ಆ ಡಾಮರಿನಲ್ಲಿ ಒಂದು ಕಲ್ಲು ಸರಿಸುವ ಅಧಿಕಾರವೂ ನಮಗಿಲ್ಲ" ಎನ್ನುತ್ತಾರೆ. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ ಎಂಬುದೇ ಈ ವಿಷಯದ ಕಷ್ಟ.

ನಮ್ಮ ಸಂವಿಧಾನದ ಏಳನೇ ಅನುಸೂಚಿಯಲ್ಲಿ ರಾಷ್ಟ್ರೀಯ ಹೆದ್ದಾರಿಗಳು ಕೇಂದ್ರದ ಪಟ್ಟಿಯಲ್ಲಿವೆ, ಉಳಿದ ರಸ್ತೆಗಳು ರಾಜ್ಯದ ಪಟ್ಟಿಯಲ್ಲಿ. ಕಾಗದದಲ್ಲಿ ಗೆರೆ ಸ್ಪಷ್ಟ. ಆದರೆ ತಲಪಾಡಿಯಿಂದ ಮಾಜಾಳಿಯವರೆಗೆ ಸುಮಾರು 280 ಕಿಲೋಮೀಟರ್ ಸಾಗುವ ರಾಷ್ಟ್ರೀಯ ಹೆದ್ದಾರಿ 66 (ಹಿರಿಯರ ಬಾಯಲ್ಲಿ ಇಂದಿಗೂ ಹದಿನೇಳು) ಕಾಗದದ ಮೇಲೆ ಓಡುವುದಿಲ್ಲ. ಅದಕ್ಕೆ ಬೇಕಾದ ಭೂಮಿಯನ್ನು ವಶಪಡಿಸಿಕೊಡುವುದು ರಾಜ್ಯದ ಕಂದಾಯ ಅಧಿಕಾರಿಗಳು. ಅಡ್ಡ ಬರುವ ಕಂಬ ಮೆಸ್ಕಾಂನದ್ದು, ಮರ ಅರಣ್ಯ ಇಲಾಖೆಯದ್ದು, ಅಪಘಾತವಾದರೆ ಬರುವ ಪೊಲೀಸರು ರಾಜ್ಯದವರು. ಹೆದ್ದಾರಿಯ ಚರಂಡಿಯ ನೀರು ಕೊನೆಗೆ ಬೀಳುವುದು ಪಂಚಾಯತ್‌ನ ತೋಡಿಗೆ. ರಸ್ತೆ ಒಂದು, ಒಡೆಯರು ಹತ್ತು. ಕೆಲಸ ಮುಗಿದು ರಿಬ್ಬನ್ ಕತ್ತರಿಸುವ ದಿನ ಈ ಹತ್ತೂ ಮಂದಿ ವೇದಿಕೆಯಲ್ಲಿರುತ್ತಾರೆ. ಕೆಲಸ ಕೆಟ್ಟ ದಿನ ಹತ್ತರಲ್ಲಿ ಒಬ್ಬರೂ ಸಿಗುವುದಿಲ್ಲ.

ಪ್ರಜಾಪ್ರಭುತ್ವದಲ್ಲಿ ಮತದಾರ ಐದು ವರ್ಷಕ್ಕೊಮ್ಮೆ ಲೆಕ್ಕ ಕೇಳುತ್ತಾನೆ ಎಂದು ನಾವು ಶಾಲೆಯಲ್ಲಿ ಕಲಿತಿದ್ದೇವೆ. ಆದರೆ ಒಂದು ಹೆದ್ದಾರಿಯ ಆಯುಸ್ಸು ಒಂದು ಸರಕಾರದ ಆಯುಸ್ಸಿಗಿಂತ ದೊಡ್ಡದು. ವಾಜಪೇಯಿಯವರ ಕಾಲದಲ್ಲಿ, 1998ರಲ್ಲಿ ಆರಂಭವಾದ ರಾಷ್ಟ್ರೀಯ ಹೆದ್ದಾರಿ ಅಭಿವೃದ್ಧಿ ಯೋಜನೆಯ ಮೂರನೇ ಹಂತದಲ್ಲಿ, ಮನಮೋಹನ ಸಿಂಗ್ ಅವರ ಆಡಳಿತದಲ್ಲಿ ನಮ್ಮ ಹೆದ್ದಾರಿಯ ಚತುಷ್ಪಥಕ್ಕೆ ಒಪ್ಪಿಗೆ ಸಿಕ್ಕಿತು. 2010ರ ಸುಮಾರಿಗೆ ಗುತ್ತಿಗೆಯಾಯಿತು. 2014ರಲ್ಲಿ ಕೇಂದ್ರದಲ್ಲಿ ಸರಕಾರ ಬದಲಾಯಿತು, ರಾಜ್ಯದಲ್ಲಿ ಅಷ್ಟರಲ್ಲಿ ಮುಖ್ಯಮಂತ್ರಿಗಳೇ ಹಲವರು ಬಂದು ಹೋದರು. ಮಂಗಳೂರಿನ ಪಂಪ್‌ವೆಲ್‌ನಲ್ಲಿ ಒಂದು ಕಿಲೋಮೀಟರೂ ಉದ್ದವಿಲ್ಲದ ಮೇಲ್ಸೇತುವೆ ಉದ್ಘಾಟನೆಯಾದದ್ದು 2020ರ ಜನವರಿ 31ರಂದು, ಕಾಮಗಾರಿ ತೊಡಗಿ ಸುಮಾರು ಹತ್ತು ವರ್ಷಗಳ ಮೇಲೆ. ಅದರ ಬಗ್ಗೆ ಹುಟ್ಟಿದ ನಗೆಹನಿಗಳು ಆ ಹೊತ್ತಿಗೆ ಗಲ್ಫ್ ದೇಶಗಳಲ್ಲಿರುವ ನಮ್ಮ ಮಕ್ಕಳ ಮೊಬೈಲುಗಳನ್ನೂ ತಲುಪಿದ್ದವು. ಇಷ್ಟು ವರ್ಷಗಳ ವಿಳಂಬಕ್ಕೆ ಯಾವ ಚುನಾವಣೆಯಲ್ಲಿ, ಯಾವ ಪಕ್ಷಕ್ಕೆ ಶಿಕ್ಷೆ ಕೊಡುವುದು?

ನಮ್ಮ ಸಮುದಾಯದವರೇ ಆದ, ಉಡುಪಿಯ ಆಸ್ಕರ್ ಫೆರ್ನಾಂಡಿಸ್ ಅವರು 2013ರ ಜೂನ್‌ನಿಂದ 2014ರ ಮೇ ತನಕ ಕೇಂದ್ರದಲ್ಲಿ ಇದೇ ಹೆದ್ದಾರಿ ಖಾತೆಯ ಸಚಿವರಾಗಿದ್ದರು. ಇನ್ನು ನಮ್ಮ ರಸ್ತೆಗೆ ಚಿಂತೆಯಿಲ್ಲ ಎಂದು ಆಗ ಎಷ್ಟೋ ಮಂದಿ ನಿಟ್ಟುಸಿರು ಬಿಟ್ಟದ್ದು ನೆನಪಿದೆ. ದಿವಂಗತರ ಸೌಜನ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಸಚಿವರು ನಮ್ಮವರಾದ ಮಾತ್ರಕ್ಕೆ ಮೊದಲೇ ಸಹಿಯಾಗಿದ್ದ ಒಪ್ಪಂದದ ಷರತ್ತುಗಳು ಬದಲಾಗುವುದಿಲ್ಲ. ಷರತ್ತುಗಳಲ್ಲೇ ಏನಿತ್ತು ಎಂಬುದನ್ನು ನಾವು ಆಗ ಕೇಳಲಿಲ್ಲ. ಕೇಳಬೇಕಿತ್ತು.

ಏನಿರುತ್ತದೆ ಷರತ್ತಿನಲ್ಲಿ? ಖಾಸಗಿ ಕಂಪನಿ ಸಾಲ ತಂದು ರಸ್ತೆ ಕಟ್ಟುತ್ತದೆ, ಟೋಲ್ ವಸೂಲು ಮಾಡಿ ಹಣ ಹಿಂದೆ ಪಡೆಯುತ್ತದೆ, ಅವಧಿ ಮುಗಿದ ಮೇಲೆ ಸರಕಾರಕ್ಕೆ ಬಿಟ್ಟುಕೊಡುತ್ತದೆ. ಇಡೀ ಕೆಲಸ ಮುಗಿಯುವ ತನಕ ಕಾಯಬೇಕೆಂದಿಲ್ಲ. ನಿಗದಿತ ಪಾಲು ಮುಗಿದರೆ ತಾತ್ಕಾಲಿಕ ಪ್ರಮಾಣಪತ್ರ ಪಡೆದು ಟೋಲ್ ಆರಂಭಿಸಬಹುದು. ಈ ಒಂದು ಸಾಲಿನಲ್ಲಿ ನಮ್ಮ ಕಷ್ಟದ ಮುಕ್ಕಾಲು ಪಾಲು ಅಡಗಿದೆ. ಯಾವ ಕಂಪನಿಯೂ ಮೊದಲು ಮುಗಿಸುವುದು ಲೆಕ್ಕಕ್ಕೆ ಬರುವ ಮುಖ್ಯ ಪಥವನ್ನು. ಉಳಿಯುವುದು ಸರ್ವಿಸ್ ರಸ್ತೆ, ಅಂಡರ್‌ಪಾಸ್, ಚರಂಡಿ, ಬೀದಿದೀಪ, ಬಸ್ಸು ತಂಗುದಾಣ. ಅಂದರೆ ಊರಿನವರಿಗೆ ಬೇಕಾದದ್ದೆಲ್ಲ! ಟೋಲ್ ಶುರುವಾದ ಮೇಲೆ ಅವನ್ನು ಮುಗಿಸಲು ಅವಸರವೇನು? ತಲಪಾಡಿಯಲ್ಲಿ ವಸೂಲಿ ಆರಂಭವಾದ ಮೇಲೂ ಪಂಪ್‌ವೆಲ್ ಸೇತುವೆ ಅರ್ಧದಲ್ಲೇ ನಿಂತಿತ್ತು. ದೂರದ ಲಾರಿಗೆ ರಸ್ತೆ ಸಿದ್ಧವಾಗಿತ್ತು, ಪಕ್ಕದ ಮನೆಯವರಿಗೆ ಆಗಿರಲಿಲ್ಲ.

ಟೋಲಿನ ಮಾತು ಬಂದ ಮೇಲೆ ಸುರತ್ಕಲ್ ಅನ್ನು ನೆನೆಯದೆ ಮುಂದೆ ಹೋಗಲಾಗದು. 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳ ಪ್ರಕಾರ ಒಂದು ಟೋಲ್ ಗೇಟಿನಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ 60 ಕಿಲೋಮೀಟರ್ ಅಂತರ ಬೇಕು, ನಗರದ ಗಡಿಯಿಂದಲೂ ದೂರವಿರಬೇಕು. ಕಾರಣ ಬರೆದಿಟ್ಟು ವಿನಾಯಿತಿ ಕೊಡಬಹುದು ಎಂದೂ ಅದೇ ನಿಯಮ ಹೇಳುತ್ತದೆ. ನಮ್ಮ ದೇಶದ ನಿಯಮಗಳಲ್ಲಿ ಬಾಗಿಲಿನ ಪಕ್ಕದಲ್ಲೇ ಒಂದು ಕಿಂಡಿ ಇಡುವುದು ವಾಡಿಕೆ. ಸುರತ್ಕಲ್ ಗೇಟು ಮಂಗಳೂರು ನಗರಪಾಲಿಕೆಯ ವ್ಯಾಪ್ತಿಯೊಳಗೇ ಇತ್ತು, ಹೆಜಮಾಡಿಯ ಗೇಟು ಅಲ್ಲಿಂದ ಸುಮಾರು ಹತ್ತು ಕಿಲೋಮೀಟರ್. ತಾತ್ಕಾಲಿಕವೆಂದು ಆರಂಭವಾದದ್ದು ವರ್ಷಗಟ್ಟಲೆ ನಡೆಯಿತು. 2022ರ ಮಾರ್ಚ್‌ನಲ್ಲಿ ಸಚಿವ ನಿತಿನ್ ಗಡ್ಕರಿಯವರು 60 ಕಿಲೋಮೀಟರ್ ಒಳಗಿನ ಹೆಚ್ಚುವರಿ ಗೇಟುಗಳನ್ನು ಮೂರು ತಿಂಗಳೊಳಗೆ ಮುಚ್ಚುವುದಾಗಿ ಲೋಕಸಭೆಯಲ್ಲಿ ಘೋಷಿಸಿದರು. ಮೂರು ತಿಂಗಳು ಕಳೆಯಿತು, ಗೇಟು ಕದಲಲಿಲ್ಲ. ಅಕ್ಟೋಬರ್ 18ರಂದು ಹೋರಾಟ ಸಮಿತಿ ಗೇಟಿಗೆ ಮುತ್ತಿಗೆ ಹಾಕಿತು. ಆಮೇಲೆ ಹಗಲು ರಾತ್ರಿ ಧರಣಿ ನಡೆಯಿತು. ಡಿಸೆಂಬರ್ 1ರಿಂದ ವಸೂಲಿ ನಿಂತಿತು.

ಗೆಲುವು ಹೌದು. ಆದರೆ ನಿಂತ ಟೋಲನ್ನು ಹೆಜಮಾಡಿಯಲ್ಲಿ ಸೇರಿಸಿ ವಸೂಲು ಮಾಡುವ ಪ್ರಸ್ತಾವ ಅದರ ಬೆನ್ನಿಗೇ ಬಂತು, ಉಡುಪಿ ಕಡೆಯವರು ಅದನ್ನು ವಿರೋಧಿಸಬೇಕಾಯಿತು. ಒಂದು ಜಿಲ್ಲೆಯ ಹೊರೆಯನ್ನು ಪಕ್ಕದ ಜಿಲ್ಲೆಯ ಹೆಗಲಿಗೆ ಜಾರಿಸಿ ಇಬ್ಬರನ್ನೂ ಎದುರುಬದುರು ನಿಲ್ಲಿಸುವುದು ಆಡಳಿತಕ್ಕೆ ಸುಲಭದ ದಾರಿ. ಆ ಹೋರಾಟದಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತರೆಂಬ ಭೇದವಿಲ್ಲದೆ ಜನ ಕೂತಿದ್ದರು. ನಮ್ಮ ಕರಾವಳಿಯಲ್ಲಿ ಅಂಥ ದೃಶ್ಯ ಈಚೆಗೆ ಅಪರೂಪ. ಟೋಲ್ ಗೇಟಿಗೆ ವಾಹನ ಮಾತ್ರ ಕಾಣುತ್ತದೆ, ಜಾತಿ ಕಾಣುವುದಿಲ್ಲವಲ್ಲ.

ಈಗ ಭೂಮಿಯ ವಿಷಯಕ್ಕೆ ಬರೋಣ. ನಮ್ಮ ಧರ್ಮಕೇಂದ್ರಗಳ ಅನೇಕ ಕುಟುಂಬಗಳಿಗೆ ಇದು ಪತ್ರಿಕೆಯಲ್ಲಿ ಓದಿದ ಸುದ್ದಿಯಲ್ಲ, ಮನೆಯ ಸಂಗತಿ. ಮೊದಲು 60 ಮೀಟರ್ ಅಗಲದ ಮಾತಿತ್ತು, ಜನರ ವಿರೋಧದಿಂದ ಬಹುಭಾಗದಲ್ಲಿ 45ಕ್ಕೆ ಇಳಿಯಿತು. ಆ ಹದಿನೈದು ಮೀಟರಿನಲ್ಲಿ ಉಳಿದ ಮನೆ, ಬಾವಿ, ತೆಂಗಿನಮರಗಳಿಗೆ ಲೆಕ್ಕವಿಲ್ಲ. ಹೋದವರ ಕಥೆ ಬೇರೆ. 1956ರ ರಾಷ್ಟ್ರೀಯ ಹೆದ್ದಾರಿ ಕಾಯಿದೆಗೆ 1997ರಲ್ಲಿ ಸೇರಿಸಿದ 3ಜೆ ಕಲಮು ಹಳೆಯ ಭೂಸ್ವಾಧೀನ ಕಾಯಿದೆಯನ್ನು ಹೆದ್ದಾರಿಗೆ ಅನ್ವಯವಾಗದಂತೆ ಮಾಡಿತು. ಇದರ ಪರಿಣಾಮ ಸರಳ. ಶಾಲೆಗೋ ಕಾರ್ಖಾನೆಗೋ ಜಮೀನು ಬಿಟ್ಟುಕೊಟ್ಟವನಿಗೆ ಮಾರುಕಟ್ಟೆ ಬೆಲೆಯ ಮೇಲೆ ಶೇಕಡಾ 30ರಷ್ಟು ಸಾಂತ್ವನ ಧನ ಮತ್ತು ಬಡ್ಡಿ ಸಿಗುತ್ತಿತ್ತು. ಅದೇ ಊರಿನಲ್ಲಿ, ಅದೇ ಬೆಲೆಯ ಜಮೀನು ಹೆದ್ದಾರಿಗೆ ಹೋದವನಿಗೆ ಅದಿಲ್ಲ. 2013ರ ಹೊಸ ಭೂಸ್ವಾಧೀನ ಕಾಯಿದೆಯ ಪರಿಹಾರದ ಕ್ರಮ ಹೆದ್ದಾರಿಗಳಿಗೂ ಅನ್ವಯವಾದದ್ದು 2015ರ ಜನವರಿ 1ರಿಂದ. ನಮ್ಮ ಕಡೆಯ ಬಹಳಷ್ಟು ಭೂಮಿ ಅದಕ್ಕಿಂತ ಮೊದಲೇ ಹೋಗಿಯಾಗಿತ್ತು.

2019ರ ಸೆಪ್ಟೆಂಬರ್‌ನಲ್ಲಿ ತರ್ಸೇಮ್ ಸಿಂಗ್ ಪ್ರಕರಣದ ತೀರ್ಪು ನೀಡಿದ ಸುಪ್ರೀಂ ಕೋರ್ಟು ಈ ತಾರತಮ್ಯ ಸಮಾನತೆಯ ಹಕ್ಕಿಗೆ ವಿರುದ್ಧವೆಂದು ಹೇಳಿತು. ಅದು ಮುಂದಿನವರಿಗೆ ಮಾತ್ರ ಅನ್ವಯವಾಗಲಿ ಎಂದು ಹೆದ್ದಾರಿ ಪ್ರಾಧಿಕಾರ ಕೇಳಿಕೊಂಡಿತು. 2025ರ ಫೆಬ್ರವರಿ 4ರಂದು ಕೋರ್ಟು ಅದನ್ನೂ ತಳ್ಳಿಹಾಕಿತು. ಹಿಂದೆ ಭೂಮಿ ಕಳೆದುಕೊಂಡವರಿಗೂ ಇದು ಸಲ್ಲಬೇಕೆಂದಿತು. ಪ್ರಾಧಿಕಾರ ಮರುಪರಿಶೀಲನೆ ಕೋರಿ ಮತ್ತೆ ಬಾಗಿಲು ತಟ್ಟಿತು, ಆದ್ದರಿಂದ ತಿಳಿದ ವಕೀಲರಲ್ಲಿ ವಿಚಾರಿಸದೆ ಯಾರೂ ಹಣದ ಕನಸು ಕಾಣಬಾರದು. ನಾವು ಇಲ್ಲಿ ಹೇಳಬೇಕೆಂದಿರುವುದು ಇಷ್ಟೇ: 1997 ಮತ್ತು 2014ರ ನಡುವೆ ಭೂಮಿ ಕೊಟ್ಟ ಕುಟುಂಬಗಳು ಹಳೆಯ ಅವಾರ್ಡ್ ಪ್ರತಿ, ನೋಟೀಸು, ಬ್ಯಾಂಕಿನ ಕಾಗದಗಳನ್ನು ಹುಡುಕಿ ಜೋಪಾನವಾಗಿಡಲಿ. ಅಪ್ಪ ತೀರಿಕೊಂಡರು, ಕಾಗದ ಪೆಟ್ಟಿಗೆಯಲ್ಲಿ ಗೆದ್ದಲು ಹಿಡಿಯಿತು ಎಂದರೆ ಕೋರ್ಟು ಏನು ಮಾಡೀತು?

ಹಾಗಾದರೆ ಯಾರೂ ಭೂಮಿ ಕೊಡಬಾರದೆ? ನೆರೆಯ ಕೇರಳವನ್ನು ನೋಡಿದರೆ ಉತ್ತರ ಅಷ್ಟು ಸುಲಭವಲ್ಲ ಎಂದು ತಿಳಿಯುತ್ತದೆ. ಅಲ್ಲಿ 2010ರಲ್ಲಿ ಸರ್ವಪಕ್ಷ ಸಭೆ ಇದೇ ಹೆದ್ದಾರಿಗೆ 30 ಮೀಟರ್ ಸಾಕೆಂದು ಹೇಳಿತು, ಮತ್ತೆ 45ಕ್ಕೆ ಒಪ್ಪಿತು. ಭೂಸ್ವಾಧೀನ ವರ್ಷಗಟ್ಟಲೆ ಎಳೆಯಿತು, ಅಷ್ಟರಲ್ಲಿ ಭೂಮಿಯ ಬೆಲೆ ಗಗನಕ್ಕೇರಿತು. ಕೊನೆಗೆ 2019ರಲ್ಲಿ ಭೂಸ್ವಾಧೀನ ವೆಚ್ಚದ ಕಾಲು ಭಾಗವನ್ನು ರಾಜ್ಯವೇ ಕೊಡಲು ಒಪ್ಪಿದ ಮೇಲಷ್ಟೇ ಕೆಲಸ ಸಾಗಿತು. ಕಣ್ಣೂರು ಜಿಲ್ಲೆಯ ಕೀಳಾಟ್ಟೂರಿನಲ್ಲಿ ಗದ್ದೆಗಳ ಮೇಲೆ ಬೈಪಾಸ್ ಬೇಡವೆಂದು ರೈತರು ಹೋರಾಡಿದಾಗ ಆಳುವ ಕಮ್ಯುನಿಸ್ಟ್ ಪಕ್ಷ ತನ್ನವರನ್ನೇ ಎದುರು ಹಾಕಿಕೊಂಡಿತು. ಜನ ಮಾತಾಡಿದ್ದರಿಂದ ತಡವಾಯಿತು ಎಂದು ಹೇಳುವವರಿದ್ದಾರೆ. ಅವರಿಗೆ 2025ರ ಮೇ 19ರಂದು ಮಲಪ್ಪುರಂ ಜಿಲ್ಲೆಯ ಕೂರಿಯಾಡಿನಲ್ಲಿ ನಡೆದದ್ದನ್ನು ನೆನಪಿಸಬೇಕು. ಗದ್ದೆಯ ಮೇಲೆ ಮಣ್ಣು ಏರಿಸಿ ಕಟ್ಟಿದ ಹೊಸ ಹೆದ್ದಾರಿ ಕುಸಿದು ಕಾರುಗಳ ಸಮೇತ ಸರ್ವಿಸ್ ರಸ್ತೆಗೆ ಉರುಳಿತು. ಅಲ್ಲಿ ಕಂಬಗಳ ಮೇಲೆ ಸೇತುವೆ ಬೇಕೆಂದು ಊರವರು ಮೊದಲೇ ಕೇಳಿದ್ದರು. ಆ ಮಣ್ಣು ನೀರು ಹಿಡಿಯುತ್ತದೆಂದು ಗದ್ದೆ ಉಳುವವನಿಗೆ ತಿಳಿದಿರುತ್ತದೆ.

ನಮ್ಮಲ್ಲಿ ಇದಕ್ಕಿಂತ ಘೋರವಾದದ್ದು ನಡೆಯಿತು. 2024ರ ಜುಲೈ 16ರ ಬೆಳಿಗ್ಗೆ ಕಾರವಾರ ಧರ್ಮಪ್ರಾಂತ್ಯದ ವ್ಯಾಪ್ತಿಯ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಯ ಮೇಲೆ ಬಿತ್ತು. ರಸ್ತೆ ಬದಿಯ ಚಹಾದಂಗಡಿಯನ್ನು, ನಿಂತಿದ್ದ ವಾಹನಗಳನ್ನು ಗಂಗಾವಳಿ ನದಿಗೆ ತಳ್ಳಿತು. ನದಿಯ ಆಚೆ ದಡದ ಉಳುವರೆಯ ಮನೆಗಳೂ ಉಳಿಯಲಿಲ್ಲ. ಹನ್ನೊಂದು ಮಂದಿ ಬಲಿಯಾದರು. ಕೇರಳದ ಲಾರಿ ಚಾಲಕನೊಬ್ಬನ ದೇಹ ಲಾರಿಯೊಂದಿಗೆ ನದಿಯಿಂದ ಮೇಲೆ ಬಂದದ್ದು ಎರಡು ತಿಂಗಳ ಮೇಲೆ, ಸೆಪ್ಟೆಂಬರ್ 25ರಂದು. ಅಗಲೀಕರಣಕ್ಕಾಗಿ ಗುಡ್ಡದ ಬುಡವನ್ನು ಕಡಿದಾಗಿ ಕಡಿದದ್ದರ ಕಡೆಗೆ ಆಗ ಎಲ್ಲರ ಬೆರಳು ಹೋಯಿತು. ಮೂರೇ ವಾರದಲ್ಲಿ, ಆಗಸ್ಟ್ 7ರ ನಡುರಾತ್ರಿ, ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಲಾರಿಯೊಂದರ ಸಮೇತ ಕುಸಿಯಿತು. ಪಕ್ಕದಲ್ಲಿ ಹೊಸ ಸೇತುವೆ ಕಟ್ಟಿದ್ದರು, ಹಳೆಯದನ್ನು ಒಂದು ದಿಕ್ಕಿನ ವಾಹನಗಳಿಗೆ ಉಳಿಸಿಕೊಂಡಿದ್ದರು. ಆ ಎರಡೂ ಘಟನೆಗಳಾದ ಮೇಲೆ ಕೇಂದ್ರ ಮತ್ತು ರಾಜ್ಯದ ನಾಯಕರು ಒಬ್ಬರ ಕಡೆಗೊಬ್ಬರು ಕೈ ತೋರಿಸಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ.

ರಸ್ತೆಗೂ ಹಣಕ್ಕೂ ಇರುವ ನಂಟನ್ನು ಬಿಟ್ಟು ಈ ರಾಜಕೀಯ ಅರ್ಥವಾಗದು. 2003ರ ನವೆಂಬರ್‌ನಲ್ಲಿ ಬಿಹಾರದ ಗಯಾದಲ್ಲಿ ಸತ್ಯೇಂದ್ರ ದುಬೆ ಎಂಬ ಯುವ ಇಂಜಿನಿಯರ್ ಕೊಲೆಯಾದರು. ಹೆದ್ದಾರಿ ಕಾಮಗಾರಿಯ ಅವ್ಯವಹಾರದ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರೆದು, ತನ್ನ ಹೆಸರು ಗುಟ್ಟಾಗಿರಲಿ ಎಂದು ಕೇಳಿಕೊಂಡಿದ್ದವರು ಅವರು. ಹೆಸರು ಗುಟ್ಟಾಗಿ ಉಳಿಯಲಿಲ್ಲ. ದೂರದ ಬಿಹಾರದ ಮಾತೆಂದು ತಳ್ಳಿಹಾಕುವಂತಿಲ್ಲ. 2022ರ ಏಪ್ರಿಲ್‌ನಲ್ಲಿ ಬೆಳಗಾವಿಯ ಗುತ್ತಿಗೆದಾರರೊಬ್ಬರು ನಮ್ಮ ಉಡುಪಿಯ ವಸತಿಗೃಹವೊಂದರಲ್ಲೇ ಪ್ರಾಣ ಬಿಟ್ಟರು. ಹಳ್ಳಿಯ ರಸ್ತೆಗಳನ್ನು ಮಾಡಿಸಿದೆ, ಬಿಲ್ಲು ಪಾಸಾಗಲು ಕಮಿಷನ್ ಕೇಳುತ್ತಿದ್ದಾರೆ ಎಂಬುದು ಅವರ ದೂರಾಗಿತ್ತು. ಆಪಾದಿತ ಸಚಿವರು ರಾಜೀನಾಮೆ ಕೊಟ್ಟರು. ಸಾಕ್ಷ್ಯವಿಲ್ಲವೆಂದು ಪೊಲೀಸರು ಮುಂದೆ ವರದಿ ಸಲ್ಲಿಸಿದರು. ಯಾರು ತಪ್ಪಿತಸ್ಥರೆಂದು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ನಮಗೆ ಕಾಡಿದ್ದು ಇನ್ನೊಂದು ಸಂಗತಿ: ಆ ಕೆಲಸಗಳಿಗೆ ಕಾರ್ಯಾದೇಶವೇ ಇರಲಿಲ್ಲ, ಬಾಯಿಮಾತಿನ ಮೇಲೆ ನಡೆದಿದ್ದವು ಎಂದು ಆಗ ಹೊರಬಿತ್ತು. ಜನರಿಗೆ ರಸ್ತೆ ಬೇಕಿತ್ತು, ನಾಯಕರಿಗೆ ಹೆಸರು ಬೇಕಿತ್ತು. ಕಾಗದ ಯಾರಿಗೂ ಬೇಕಿರಲಿಲ್ಲ. ಇನ್ನು ಮೇಲಿನ ಹಂತದಲ್ಲಿ ಏನಾಗುತ್ತದೆಂಬುದು 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಚುನಾವಣಾ ಬಾಂಡುಗಳನ್ನು ರದ್ದು ಮಾಡಿ ಪಟ್ಟಿ ಹೊರಬಂದಾಗ ಸ್ವಲ್ಪ ಕಂಡಿತು. ಪಟ್ಟಿಯಲ್ಲಿ ಎರಡನೇ ಸ್ಥಾನದಲ್ಲಿದ್ದದ್ದು ರಸ್ತೆ, ಸುರಂಗ, ನೀರಾವರಿ ಕಾಮಗಾರಿಗಳನ್ನು ಮಾಡುವ ಹೈದರಾಬಾದಿನ ಕಂಪನಿ, 966 ಕೋಟಿ ರೂಪಾಯಿಯೊಂದಿಗೆ. ಬಾಂಡಿನ ಹಣ ಪಡೆದವರಲ್ಲಿ ಆಳುವವರೂ ಇದ್ದರು, ವಿರೋಧ ಪಕ್ಷದವರೂ ಇದ್ದರು.

ಇಷ್ಟೆಲ್ಲ ಹೇಳಿ ನಮ್ಮನ್ನು ನಾವು ಬಿಟ್ಟುಬಿಟ್ಟರೆ ಅದು ಪರಿಸಾಯರ ಪ್ರಾರ್ಥನೆಯಾದೀತು. ರಸ್ತೆ ಅಗಲವಾಗಲಿ, ಆದರೆ ನನ್ನ ಕಾಂಪೌಂಡಿನ ಕಡೆ ಬೇಡ ಎಂದವರಲ್ಲಿ ನಾವೂ ಇದ್ದೇವೆ. ಇಗರ್ಜಿಯ ಜಾಗ, ರಸ್ತೆ ಬದಿಯ ಶಿಲುಬೆ, ಶಾಲೆಯ ಆಟದ ಮೈದಾನ ಹೋಗುತ್ತದೆಂದಾಗ ನಾವು ಸಹಿ ಸಂಗ್ರಹಿಸಿದೆವು, ನಿಯೋಗ ಕೊಂಡೊಯ್ದೆವು. ಪಕ್ಕದ ಬೀಡಿ ಕಟ್ಟುವವರ ಎರಡು ಸೆಂಟ್ಸ್ ಮನೆ ಹೋದಾಗ ಎಷ್ಟು ಸಹಿ ಸಂಗ್ರಹಿಸಿದೆವು? ನಮ್ಮ ಸಂಸ್ಥೆಯ ಎದುರೇ ಡಿವೈಡರ್ ತೆರೆಯಲಿ ಎಂದು ಒತ್ತಾಯಿಸಿ ತೆರೆಸಿಕೊಂಡ ಕಡೆ ಆಮೇಲೆ ಅಪಘಾತಗಳಾದ ಉದಾಹರಣೆಗಳು ಹೆದ್ದಾರಿಯುದ್ದಕ್ಕೂ ಸಿಗುತ್ತವೆ, ಎಲ್ಲ ಧರ್ಮದ ಸಂಸ್ಥೆಗಳ ಎದುರಲ್ಲೂ.

ಕಾರಿನಲ್ಲಿ ಹೋಗುವವರಿಗೆ ಹೆದ್ದಾರಿಯೆಂದರೆ ಮಂಗಳೂರಿನಿಂದ ಉಡುಪಿಗೆ ಒಂದು ಗಂಟೆ. ಮೀನಿನ ಬುಟ್ಟಿ ಹೊತ್ತ ಹೆಂಗಸಿಗೆ, ಬೆಳಗಿನ ಪೂಜೆಗೆ ನಡೆದು ಬರುವ ಅಜ್ಜಿಗೆ ಅದು ದಾಟಬೇಕಾದ ಹೊಳೆ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32 ಸಾವಿರಕ್ಕೂ ಹೆಚ್ಚು ಜನ ಪಾದಚಾರಿಗಳು. ರಾಷ್ಟ್ರೀಯ ಹೆದ್ದಾರಿಗಳ ಉದ್ದ ದೇಶದ ಒಟ್ಟು ರಸ್ತೆಗಳಲ್ಲಿ ಶೇಕಡಾ ಎರಡರ ಆಸುಪಾಸು, ಸಾವಿನಲ್ಲಿ ಅವುಗಳ ಪಾಲು ಶೇಕಡಾ 36. ಪ್ರತಿ ಊರಿನ ಪ್ರಮುಖರು ಮೇಲ್ಸೇತುವೆ ಕೇಳುತ್ತಾರೆ, ಅದರಲ್ಲಿ ಊರಿನ ಪ್ರತಿಷ್ಠೆಯಿದೆ. ಕಾಲುದಾರಿ ಕೇಳುವವರು ಕಡಿಮೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಸುರಕ್ಷಿತ ಫುಟ್‌ಪಾತ್ ಜೀವಿಸುವ ಹಕ್ಕಿನ ಭಾಗವೆಂದು ಹೇಳಬೇಕಾಯಿತು. ಅದನ್ನು ಯಾವ ಪಕ್ಷವೂ ಪ್ರಣಾಳಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದ್ದನ್ನು ನಾವು ಕಂಡಿಲ್ಲ.

ಜೆರುಸಲೇಮಿನಿಂದ ಜೆರಿಕೊಗೆ ಇಳಿಯುವ ದಾರಿಯಲ್ಲಿ ಬಿದ್ದವನನ್ನು ದಯಾಳು ಸಮಾರಿತ ಎತ್ತಿಕೊಂಡದ್ದನ್ನು ನಾವು ಎಷ್ಟೋ ಪ್ರಬೋಧನೆಗಳಲ್ಲಿ ಕೇಳಿದ್ದೇವೆ. 2019ರ ತಿದ್ದುಪಡಿಯ ಮೂಲಕ ಮೋಟಾರು ವಾಹನ ಕಾಯಿದೆಯಲ್ಲೂ ಅಂಥವನಿಗೆ ರಕ್ಷಣೆ ಇದೆ: ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನು ಹೆಸರು ಹೇಳಲು ಬಲವಂತ ಮಾಡುವಂತಿಲ್ಲ, ಕೇಸಿನಲ್ಲಿ ಸಿಕ್ಕಿಸುವಂತಿಲ್ಲ. ಇದನ್ನು ನಮ್ಮ ಯುವಜನ ಸಂಘಟನೆಗಳು ಪ್ರತಿ ವಾಡೊದಲ್ಲೂ ತಿಳಿಸಬೇಕು. ಆದರೆ ಒಂದೇ ತಿರುವಿನಲ್ಲಿ ವಾರಕ್ಕೊಬ್ಬರನ್ನು ಎತ್ತುತ್ತಾ ಇದ್ದರೆ, ಆ ತಿರುವನ್ನು ಹಾಗೆ ಬಿಟ್ಟವರು ಯಾರೆಂದು ಕೇಳುವುದೂ ಅದೇ ದಯೆಯ ಕೆಲಸ.

ಕೇಳುವುದಕ್ಕೂ ಒಂದು ಕಾಲವಿದೆ. ಹೆದ್ದಾರಿಗೆ ಭೂಮಿ ಬೇಕೆಂದು 3ಎ ಕಲಮಿನಡಿ ಅಧಿಸೂಚನೆ ಹೊರಟರೆ ಆಕ್ಷೇಪಕ್ಕೆ ಇರುವ ಅವಧಿ 21 ದಿನ. ಅದು ಪತ್ರಿಕೆಯ ಒಳಪುಟದಲ್ಲಿ, ಸರ್ವೆ ನಂಬರುಗಳ ಸಣ್ಣ ಅಕ್ಷರಗಳಲ್ಲಿ ಬರುತ್ತದೆ. ದುಬೈಯಲ್ಲೋ ಮುಂಬಯಿಯಲ್ಲೋ ಇರುವ ಮಾಲಕರಿಗೆ ಸುದ್ದಿ ಮುಟ್ಟುವಾಗ ದಿನ ಮುಗಿದಿರುತ್ತದೆ. ಪರಿಹಾರ ಕಡಿಮೆಯೆನಿಸಿದರೆ ಮಧ್ಯಸ್ಥಗಾರರ ಮುಂದೆ, ನಮ್ಮ ಜಿಲ್ಲೆಗಳಲ್ಲಿ ಸಾಮಾನ್ಯವಾಗಿ ಜಿಲ್ಲಾಧಿಕಾರಿಯವರ ಮುಂದೆ, ಅರ್ಜಿ ಹಾಕಲು ಅವಕಾಶವಿದೆ. ಆ ಅರ್ಜಿಯಲ್ಲಿ ಜಮೀನಿನ ವರ್ಗ, ಭೂಪರಿವರ್ತನೆಯ ದಾಖಲೆ, ಮರಗಳ ಎಣಿಕೆ ಎಲ್ಲ ಸರಿಯಾಗಿರಬೇಕು. ಕಂಪನಿಯೊಂದಿಗಿನ ಒಪ್ಪಂದದ ಪ್ರತಿಯನ್ನು, ಅದರ ಜೊತೆಗಿರುವ ಸರ್ವಿಸ್ ರಸ್ತೆ ಮತ್ತು ಅಂಡರ್‌ಪಾಸುಗಳ ಪಟ್ಟಿಯನ್ನು 2005ರ ಮಾಹಿತಿ ಹಕ್ಕು ಕಾಯಿದೆಯಡಿ ಹತ್ತು ರೂಪಾಯಿ ಶುಲ್ಕದ ಅರ್ಜಿ ಹಾಕಿ ಕೇಳಬಹುದು. ಕಥೊಲಿಕ್ ಸಭೆಯ ಘಟಕಗಳಲ್ಲಿ ನಿವೃತ್ತ ಗ್ರಾಮಕರಣಿಕರು, ಬ್ಯಾಂಕಿನವರು, ವಕೀಲರು ಇದ್ದೇ ಇರುತ್ತಾರೆ. ಮುಂದಿನ ಮನವಿಗೆ ಸಹಿ ಹಾಕುವ ಮೊದಲು ಆ ಪಟ್ಟಿಯನ್ನು ತರಿಸಿ, ನಮ್ಮ ಊರಿನ ಹೆಸರಿನ ಎದುರು ಏನು ಬರೆದಿದೆ ಎಂದು ಅವರು ಒಮ್ಮೆ ಓದಿ ಹೇಳಲಿ.